ರೂಪ ಬದಲಿಸುವ ಯಂತ್ರಮಾನವನೂ ನಮ್ಮ ಹೆಣ್ಣುಮಕ್ಕಳೂ

ಆಟದ ಸಾಮಾನುಗಳನ್ನು ಕೂಡಿಸಿಡುವುದು ಪ್ರಾಯಕ್ಕೆ ಬಂದವರಿಗೆ ತಕ್ಕ ಕೆಲಸವೇ ಎಂದು ಕೇಳುವವರು ಉಂಟು. ಅವರೊಡನೆ ವಾದಿಸುವುದು ನಮ್ಮ ಉದ್ದೇಶವಲ್ಲ. ಹಲವು ವರ್ಷಗಳಿಂದ ಇಂಥವುಗಳನ್ನು ಕೂಡಿಸುತ್ತ ಬಂದ ನಮಗೆ ಆಟಿಕೆಯೊಂದರ ಯೋಗ್ಯತೆಯನ್ನು ಹೇಗೆ ಅಳೆಯಬೇಕೆಂಬ ವಿಷಯದಲ್ಲಿ ಒಂದು ಅಭಿಪ್ರಾಯವು ನೆಲೆಗೊಂಡಿರುತ್ತದೆ. ಅದು ಹೆಣ್ಣುಮಕ್ಕಳ ತಾಯಿತಂದೆಗಳಿಗೆ ಉಪಯೋಗವಾದೀತೆಂದು ಎಣಿಸಿ ಇಲ್ಲಿ ವಾಚಕರ ಮುಂದಿಡುತ್ತೇವೆ.

ನಾವು ಪರೀಕ್ಷೆಗೆ ಎತ್ತಿಕೊಳ್ಳುವುದು ಆಪ್ಟಿಮಸ್ ಪ್ರೈಮ್ ಎಂಬ ಯಂತ್ರಮಾನವನನ್ನು. ಜಪಾನಿನ ಟಕಾರಾ ಕಂಪೆನಿಯು 1983ರಲ್ಲಿ ಡಯಾಕ್ಲೋನ್ ಎಂಬ ತನ್ನ ಆಟಿಕೆಗಳ ಸಾಲಿನಲ್ಲಿ ಇದನ್ನು ಮೊದಲು ಹೊರತಂದಿತು. ಆ ಸಾಲಿನ ಯಂತ್ರಗಳಿಗೆ ಸ್ವಂತ ಜೀವವಿರಲಿಲ್ಲ. ಅವುಗಳನ್ನು ನಡೆಸುವುದಕ್ಕೆ ಪುಟ್ಟ ಮನುಷ್ಯಗೊಂಬೆಗಳಿದ್ದವು. ಅಮೆರಿಕದ ಹ್ಯಾಸ್‌ಬ್ರೊ ಕಂಪೆನಿಯು 1984ರಲ್ಲಿ ಇದನ್ನು ಪಡೆದು, ಚಾಲಕನನ್ನು ತೆಗೆದುಹಾಕಿ, ಯಂತ್ರಕ್ಕೇ ಹೆಸರನ್ನೂ ಗುಣಸ್ವಭಾವವನ್ನೂ ಕೊಟ್ಟು, ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಿಂದ ಮಾರಿತು. 1986ರ ಚಲನಚಿತ್ರದಲ್ಲಿ ಈ ನಾಯಕನು ಸತ್ತಾಗ ಚಿತ್ರಮಂದಿರಗಳಲ್ಲಿ ಮಕ್ಕಳು ಅತ್ತರಂತೆ. ಒಂದು ಆಟಿಕೆಗಾಗಿ ಮಕ್ಕಳು ಅಳಬೇಕಾದರೆ ಅದು ಬರಿಯ ವ್ಯಾಪಾರದ ಸರಕಾಗಿ ಉಳಿದಿರಲಿಲ್ಲವೆಂಬುದು ಸ್ಪಷ್ಟ.

ಇನ್ನು ಇದರ ಗುಣದೋಷಗಳು. ಕೆಂಪು ಮೋರೆಯ ಲಾರಿಯಾಗಿ ನಿಂತಾಗ ಇದರೊಳಗೆ ಮನುಷ್ಯಾಕಾರವಿದೆಯೆಂದು ತೋರುವುದಿಲ್ಲ. ಹಿಂಭಾಗವನ್ನು ನೀಡಿದರೆ ಕಾಲುಗಳಾಗುತ್ತವೆ. ಪಕ್ಕಗಳನ್ನು ತಿರುಗಿಸಿದರೆ ತೋಳುಗಳಾಗುತ್ತವೆ. ಒಳಗಡಗಿದ್ದ ತಲೆಯು ಮೇಲೇಳುತ್ತದೆ. ಲಾರಿಯ ಮುಂಗಾಜುಗಳೇ ಎದೆಯಾಗಿ ಉಳಿಯುತ್ತವೆ. ಒಂದು ರೂಪದ ಅಂಗವು ಇನ್ನೊಂದರಲ್ಲಿಯೂ ತನ್ನ ಕೆಲಸವನ್ನು ಮಾಡುತ್ತದೆ. ಇದೇ ಇದರ ಮೇಲ್ಮೆ. ದೋಷಗಳಾದರೋ ಎರಡು. ಮುಷ್ಟಿಗಳು ಬೇರೆಯಾಗಿರುವುದರಿಂದ ಮಂಚದಡಿಗೆ ಸೇರಿ ಕಳೆದುಹೋಗುತ್ತವೆ. ಲಾರಿಯು ಎಳೆಯುವ ದೊಡ್ಡ ಹಿಂಬಂಡಿಗೆ ಮನುಷ್ಯರೂಪದಲ್ಲಿ ಸ್ಥಳವಿಲ್ಲ. ಅದು ಪಕ್ಕದಲ್ಲಿ ತೆರೆದ ಠಾಣ್ಯವಾಗಿ ನಿಲ್ಲುತ್ತದೆ, ಅಷ್ಟೆ. 2011ರಲ್ಲಿ ದೊಡ್ಡವರಿಗಾಗಿ ಮಾಡಿದ ಮಾಸ್ಟರ್‌ಪೀಸ್ ಎಂಬ ಪ್ರತಿಯಲ್ಲಿ ಮುಷ್ಟಿಗಳು ಮುಂಗೈಯೊಳಗೇ ಮಡಚಿಕೊಳ್ಳುತ್ತವೆ. ಕೌಶಲದಲ್ಲಿ ಅದು ಮೇಲು. ಆದರೆ ಮಗುವಿನ ಕೈಗೆ ಹಳೆಯದೇ ಹಿತವೆಂಬುದು ನಮ್ಮ ಮತ.

ಸಂಗ್ರಾಹಕರಲ್ಲಿ ಒಂದು ನಂಬಿಕೆಯುಂಟು: ಪೆಟ್ಟಿಗೆಯನ್ನು ತೆರೆಯದ ಆಟಿಕೆಯೇ ಅಮೂಲ್ಯವೆಂದು. ನಾವೂ ಬಹುಕಾಲ ಹಾಗೆಯೇ ನಂಬಿ, ಕೆಲವನ್ನು ಮುದ್ರೆಯೊಡೆಯದೆ ಬೀರುವಿನಲ್ಲಿಟ್ಟಿದ್ದೆವು. ಆದರೆ ಬಿಳಿಯ ಪ್ಲಾಸ್ಟಿಕ್ಕು ಬೆಳಕಿಗೆ ಹಳದಿಯಾಗುತ್ತದೆ. ಚಿನ್ನದ ಬಣ್ಣದ ಪುಡಿಯನ್ನು ಬೆರೆಸಿ ಮಾಡಿದ ಕೆಲವು ಹಳೆಯ ಆಟಿಕೆಗಳು ಯಾರೂ ಮುಟ್ಟದಿದ್ದರೂ ಒಳಗೊಳಗೇ ಪೆಡಸಾಗಿ, ಮೊದಲ ಸಲ ತಿರುಗಿಸಿದಾಗಲೇ ಮುರಿಯುತ್ತವೆ. ನಮ್ಮದೊಂದು ಹಾಗೆಯೇ ನಮ್ಮ ಕೈಯಲ್ಲಿ ಮುರಿಯಿತು. ಅದರಿಂದ ಯಾವ ಮಗುವೂ ಒಂದು ದಿನವಾದರೂ ಆಡಿರಲಿಲ್ಲ. ನಾವು ಕಾಪಾಡಿದುದಾದರೂ ಏನನ್ನು?

ಅಂದಿನಿಂದ ನಮ್ಮ ಅಳತೆಗೋಲು ಬದಲಾಯಿತು. ರೂಪ ಬದಲಿಸುವ ಆಟಿಕೆಯ ಯೋಗ್ಯತೆಯು ಅದನ್ನು ಬದಲಿಸುವ ಕೈಗೆ ಅದು ಏನನ್ನು ಕಲಿಸುತ್ತದೆಂಬುದರಲ್ಲಿದೆ. ಆಪ್ಟಿಮಸ್ ಪ್ರೈಮಿನ ಹಳೆಯ ಅಚ್ಚನ್ನು ಕಂಪೆನಿಗಳು ಹಲವು ಸಲ ಮತ್ತೆ ಹೊರತಂದಿವೆ. ಅಂಥದೊಂದು ನಮ್ಮ ಮೇಜಿನ ಮೇಲಿತ್ತು. ಒಮ್ಮೆ ನೆಂಟರ ಮನೆಯ ಒಂಬತ್ತು ವರ್ಷದ ಹುಡುಗಿಯು ಬಂದಾಗ ಅದಕ್ಕೆ ಕೈ ನೀಡಿದಳು. “ಬಿಡಮ್ಮಾ, ಅದು ಗಂಡುಹುಡುಗರದು” ಎಂದರು ಅವಳ ಅಜ್ಜಿ. ನಾವು ಅದನ್ನು ಅವಳ ಮಡಿಲಲ್ಲಿಟ್ಟೆವು. ತೋಳು ತಿರುಗದೆ ನಿಂತಲ್ಲಿ ಅವಳು ಒತ್ತಾಯಮಾಡಲಿಲ್ಲ. ನೋಡಿದಳು, ಒಂದು ಹೆಜ್ಜೆ ಹಿಂದಕ್ಕೆ ಹೋದಳು, ಬೇರೆ ಕೀಲನ್ನು ಮೊದಲು ತಿರುಗಿಸಿದಳು. ಕಾಲು ಗಂಟೆಯೊಳಗೆ ಲಾರಿಯು ಮನುಷ್ಯನಾಗಿ ನಿಂತಿತು. ಎಲ್ಲಿ ತಪ್ಪಿತೆಂದು ತಾನೇ ಕಂಡುಕೊಳ್ಳುವ ಈ ತಾಳ್ಮೆಯೇ ಅಲ್ಲವೆ, ಗಣಿತದಲ್ಲಿಯೂ ಹೊಲಿಗೆಯಲ್ಲಿಯೂ ನಮ್ಮ ಉಪಾಧ್ಯಾಯಿನಿಯರು ನಮ್ಮಿಂದ ಬಯಸಿದುದು?

ಆಟಿಕೆಯನ್ನು ಮಾಡಿದವರೂ ಆ ಅಜ್ಜಿಯಂತೆಯೇ ಎಣಿಸಿದ್ದರೆಂದು ಕಾಣುತ್ತದೆ. 1986ರ ಆ ಚಿತ್ರದಲ್ಲಿ ಆರ್ಸೀ ಎಂಬ ಸ್ತ್ರೀರೂಪದ ಯಂತ್ರವು ಇತರರೊಡನೆ ಹೋರಾಡಿದರೂ, ಆ ವರ್ಷಗಳಲ್ಲಿ ಅವಳ ಆಟಿಕೆಯು ಅಂಗಡಿಗೆ ಬರಲಿಲ್ಲ. ಅಂಗಡಿಯವರ ಲೆಕ್ಕಾಚಾರವು ಅವರಿಗಿರಲಿ. ಅದನ್ನು ನಮ್ಮ ಮನೆಗಳೊಳಕ್ಕೆ ತರಬೇಕಾದುದೇಕೆ?

ಆದುದರಿಂದ ಈ ಶಾಲೆಯಲ್ಲಿ ಕಲಿತು ಈಗ ತಾಯಂದಿರಾಗಿರುವ ಸೋದರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಗೊಂಬೆಯನ್ನು ಬೇಡವೆನ್ನಬೇಡಿರಿ, ಅದರ ಪಕ್ಕದಲ್ಲಿ ಕೀಲುಗಳುಳ್ಳ ಇಂಥ ಆಟಿಕೆಯೊಂದನ್ನೂ ಇಡಿರಿ. ಅದು ಸವೆಯಲಿ, ಗೀಚುಬೀಳಲಿ. ಮುಷ್ಟಿಯೊಂದು ಕಳೆದರೆ ಗದರಿಸಬೇಡಿರಿ. ಮಗಳೊಡನೆ ಕುಳಿತು ಹುಡುಕಿರಿ.