ಆನೆಗೆ ದಾರಿ ಬಿಡಿ

ನೆಲದ ಮೇಲಿನ ಅತಿ ದೊಡ್ಡ ಪ್ರಾಣಿ ಆನೆ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಹೆಚ್ಚು. ಹೆಮ್ಮೆಯ ಮಾತೇ. ಆದರೆ ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಅದಕ್ಕಾಗಿಯೇ ಅದು ಋತುವಿಗೆ ತಕ್ಕಂತೆ ಕಾಡಿನಿಂದ ಕಾಡಿಗೆ ನಡೆಯುತ್ತದೆ. ಆ ದಾರಿಗಳಿಗೆ ತೋಟ, ರಸ್ತೆ, ರೆಸಾರ್ಟ್‌ಗಳು ಅಡ್ಡ ಬಂದಿವೆ; ಉಳಿದ ಕಾಡಿನೊಳಗೂ ಲಂಟಾನ ಕಳೆ ಹಬ್ಬಿ ಹುಲ್ಲು ಕಡಿಮೆಯಾಗಿದೆ. ಹೀಗೆ ಆನೆಗಳು ನುಗ್ಗುವ ಹಾಸನ, ಕೊಡಗಿನ ಕಾಫಿ ತೋಟಗಳಲ್ಲಿ ಬಡ ಕೂಲಿಕಾರರು ಅವುಗಳ ದಾಳಿಗೆ ಜೀವ ತೆರುತ್ತಿದ್ದಾರೆ. ಆನೆಗಳನ್ನು ಸೆರೆ ಹಿಡಿದು ಬೇರೆಡೆ ಸಾಗಿಸುವುದು ತಾತ್ಕಾಲಿಕ ಉಪಶಮನವಷ್ಟೇ. ಅವುಗಳ ದಾರಿ ಉಳಿಸುವುದೇ ಪರಿಹಾರ. ಬಂಡೀಪುರದ ಕಾಡನ್ನು ಹಾದುಹೋಗುವ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧವನ್ನು ಸಡಿಲಿಸುವ ಒತ್ತಡಕ್ಕೆ ಸರ್ಕಾರ ಮಣಿಯಬಾರದು. ಆನೆ ಕಾರಿಡಾರ್‌ನ (ಆನೆಗಳು ಓಡಾಡುವ ದಾರಿಯ) ಜಮೀನನ್ನು, ರೈತರಿಗೆ ನ್ಯಾಯವಾದ ಬೆಲೆ ಕೊಟ್ಟು, ತಡಮಾಡದೆ ಪಡೆಯಬೇಕು.