ಪರದೆ ಕತ್ತಲಾದರೆ ಅದು ಕೆಟ್ಟಿತೆಂದಲ್ಲ

ಬೆಂಗಳೂರಿನಿಂದ ಹೈದರಾಬಾದಿಗೆ ಸಾಗುವ 44ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ನಮ್ಮ ಕೊಡಿಕೊಂಡದಂಥ ಊರಿನಲ್ಲಿ ಮಕ್ಕಳ ಕಲಿಕೆಗೆಂದು ಗಣಕಯಂತ್ರ ಬೇಕೆಂದರೆ, ಅನೇಕ ಮನೆಗಳಿಗೆ ಕಚೇರಿಗಳು ಕೈಬಿಟ್ಟ ಹಳೆಯ ಯಂತ್ರವೇ ಗತಿ. ಶಾಲೆಗೆ ದಾನವಾಗಿ ಬರುವುದೂ ಬಹುಮಟ್ಟಿಗೆ ಅಂಥದೇ. ಹಳೆಯ ಯಂತ್ರಕ್ಕೆ ಲಿನಕ್ಸ್ ಒಳ್ಳೆಯ ಜೊತೆಗಾರ: ಹಣ ಕೊಡಬೇಕಿಲ್ಲ, ಕಡಿಮೆ ಶಕ್ತಿಯ ಯಂತ್ರದಲ್ಲೂ ನಡೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಿಸಬಹುದು. ಕಾಸರಗೋಡಿನ ನಮ್ಮ ಬಂಧುಗಳಿಗೆ ಇದು ಹೊಸದಲ್ಲ. ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳನ್ನು ಮುಕ್ತ ತಂತ್ರಾಂಶದ ಕಡೆಗೆ ಒಯ್ದಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಗಣಕದ ಪಾಠವನ್ನು ಕನ್ನಡ ಪುಸ್ತಕದಲ್ಲಿಯೇ ಓದಿ, ಉಬುಂಟು ಆಧಾರಿತ ಲಿನಕ್ಸಿನಲ್ಲಿ ಅಭ್ಯಾಸ ಮಾಡುತ್ತಾರೆ.

ಆದರೆ ಹಳೆಯ ಯಂತ್ರದೊಡನೆ ಹಳೆಯ ಪರದೆಯೂ ಬರುತ್ತದೆ. ಮಗು ಕುತೂಹಲದಿಂದ ಸೆಟ್ಟಿಂಗ್ಸ್ ತೆರೆದು ಒಂದು ಅಂಕಿ ಬದಲಿಸುತ್ತದೆ, ಪರದೆ ಕಪ್ಪಾಗುತ್ತದೆ, ಇಂಗ್ಲಿಷಿನಲ್ಲಿ 'ಔಟ್ ಆಫ್ ರೇಂಜ್' ಎಂಬ ಮಾತು ಮೂಡುತ್ತದೆ. ಗಣಕವನ್ನು ಪೂರ್ಣವಾಗಿ ಕನ್ನಡಕ್ಕೆ ತಿರುಗಿಸಿದ್ದರೂ ಈ ಮಾತು ಕನ್ನಡದಲ್ಲಿ ಬಾರದು, ಏಕೆಂದರೆ ಅದನ್ನು ಹೇಳುತ್ತಿರುವುದು ಗಣಕವಲ್ಲ, ಸ್ವತಃ ಪರದೆ. 'ನೀನು ಕಳಿಸುವ ವೇಗ ನನ್ನ ಮಿತಿಯನ್ನು ಮೀರಿದೆ' ಎಂಬುದಷ್ಟೇ ಅದರ ಅರ್ಥ. 'ನೋ ಸಿಗ್ನಲ್' ಎಂದರೆ ಬೇರೆ: ಸಂಕೇತವೇ ಬರುತ್ತಿಲ್ಲ, ತಂತಿಯನ್ನು ನೋಡಿರಿ. ಇವೆರಡರ ಭೇದ ತಿಳಿಯದೆ ಚೆನ್ನಾಗಿರುವ ಪರದೆಯನ್ನು ಗುಜರಿಗೆ ಹಾಕುವುದೂ, ತಪ್ಪು ಮಾಡಿದೆನೆಂದು ಮಗು ಮತ್ತೆ ಯಂತ್ರವನ್ನೇ ಮುಟ್ಟದಿರುವುದೂ ಉಂಟು. ಎರಡನೆಯದು ದೊಡ್ಡ ನಷ್ಟ.

ಪರದೆಯ ಮೇಲಿನ ಚಿತ್ರ ನಿಂತ ಚಿತ್ರವಲ್ಲ. ಸೆಕೆಂಡಿಗೆ ಹಲವು ಬಾರಿ ಅದನ್ನು ಮೇಲಿನಿಂದ ಕೆಳಗೆ ಹೊಸದಾಗಿ ಬರೆಯಲಾಗುತ್ತದೆ. 60 ಬಾರಿ ಬರೆದರೆ ಅದರ ರಿಫ್ರೆಶ್ ರೇಟ್ 60 ಹರ್ಟ್ಜ್. ತೆಳು ಎಲ್‌ಸಿಡಿ ಪರದೆಗೆ ಸಾಮಾನ್ಯವಾಗಿ 60 ಸಾಕು. ಅದರ ಬೆಳಕು ಹಿಂದಿನಿಂದ ಬರುವುದರಿಂದ ಈ ಅಂಕಿಯನ್ನು ಏರಿಸಿ ಕಣ್ಣಿಗೆ ಹಿತ ತರಬೇಕಾದ ಅಗತ್ಯವಿಲ್ಲ. ಮಿತಿ ಮೀರಿದರೂ ಅದು ಬಹುತೇಕ ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತದೆ. ದಪ್ಪ ಗಾಜಿನ ಸಿಆರ್‌ಟಿ ಪರದೆಯ ರೀತಿ ಬೇರೆ. 60ರಲ್ಲಿ ಅದು ಮಿನುಗಿ ಕಣ್ಣನ್ನು ದಣಿಸುತ್ತದೆ. ಆದುದರಿಂದ 75ಕ್ಕೆ ಏರಿಸುವ ಆಸೆ ಸಹಜ. ಆದರೆ ಎಚ್ಚರಿಕೆ ನೀಡುವ ಏರ್ಪಾಡಿಲ್ಲದ ಬಹಳ ಹಳೆಯ ಸಿಆರ್‌ಟಿಗೆ ಮಿತಿಮೀರಿದ ವೇಗ ಕೊಟ್ಟರೆ ಒಳಗಿನ ವಿದ್ಯುನ್ಮಂಡಲವೇ ಸುಟ್ಟೀತು.

ಮಿತಿಯನ್ನು ತಿಳಿಯಲು ಗುಣಾಕಾರ ಬಂದರೆ ಸಾಕು. ಪರದೆಯ ಕೈಪಿಡಿಯಲ್ಲಿ ಎರಡು ವ್ಯಾಪ್ತಿಗಳಿರುತ್ತವೆ: ಲಂಬ ವೇಗ ಹರ್ಟ್ಜ್‌ನಲ್ಲಿ, ಅಡ್ಡ ವೇಗ ಕಿಲೋಹರ್ಟ್ಜ್‌ನಲ್ಲಿ. ಒಂದು ಸಿಆರ್‌ಟಿಯ ಅಡ್ಡ ವ್ಯಾಪ್ತಿ 30ರಿಂದ 54 ಎಂದಿಟ್ಟುಕೊಳ್ಳೋಣ. 1024×768 ಅಳತೆಯ ಚಿತ್ರಕ್ಕೆ 60 ಹರ್ಟ್ಜ್‌ನಲ್ಲಿ, ಕಾಣದ ಸಾಲುಗಳೂ ಸೇರಿ, ಒಟ್ಟು 806 ಸಾಲು. 806ನ್ನು 60ರಿಂದ ಗುಣಿಸಿದರೆ 48,360, ಅಂದರೆ ಸುಮಾರು 48.4 ಕಿಲೋಹರ್ಟ್ಜ್, ಇದು ಮಿತಿಯೊಳಗಿದೆ. ಅದೇ ಅಳತೆಗೆ 75 ಹರ್ಟ್ಜ್ ಆರಿಸಿದರೆ 800 ಸಾಲು ಗುಣಿಸು 75, ಅಂದರೆ 60 ಕಿಲೋಹರ್ಟ್ಜ್, ಮಿತಿ ಮೀರಿತು. ಅಳತೆಯನ್ನು 800×600ಕ್ಕೆ ಇಳಿಸಿದರೆ 625 ಗುಣಿಸು 75, ಸುಮಾರು 46.9. ಮಿನುಗೂ ಕಡಿಮೆ, ಪರದೆಯೂ ಸುರಕ್ಷಿತ, ಅಕ್ಷರಗಳೂ ದೊಡ್ಡವು. ಏಳನೆಯ ತರಗತಿಯ ಮಗು ಮಾಡಬಹುದಾದ ಲೆಕ್ಕವಿದು, ಮಗುವಿನಿಂದಲೇ ಮಾಡಿಸಿರಿ.

ಇಂದಿನ ಲಿನಕ್ಸ್ ಈ ಲೆಕ್ಕವನ್ನು ತಾನೇ ಮಾಡುತ್ತದೆ. ಪರದೆಯು ತನ್ನ ಶಕ್ತಿಯ ವಿವರವನ್ನು ಇಡಿಐಡಿ ಎಂಬ ಚಿಕ್ಕ ದಾಖಲೆಯಾಗಿ ತಂತಿಯ ಮೂಲಕ ಗಣಕಕ್ಕೆ ತಿಳಿಸುತ್ತದೆ. ಆದರೆ ಹಳೆಯ ವಿಜಿಎ ತಂತಿಯಲ್ಲಿ 12 ಮತ್ತು 15ನೆಯ ಸೂಜಿಗಳು ಮುರಿದಿದ್ದರೆ ಈ ಮಾತುಕತೆ ನಡೆಯದು. ಗಣಕ ಊಹೆಯಿಂದ 1024×768ರಂಥ ಸಾಧಾರಣ ಅಳತೆಯಲ್ಲಿ ನಿಲ್ಲುತ್ತದೆ. ಆಗ ಸೆಟ್ಟಿಂಗ್ಸ್‌ನಲ್ಲಿ ಹುಡುಕಾಡುವ ಮೊದಲು ತಂತಿಯನ್ನು ಬದಲಿಸಿ ನೋಡುವುದು ಜಾಣತನ.

ವೇಗ ಬದಲಿಸಬೇಕಾದರೆ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಪುಟದಲ್ಲಿ, ಪಟ್ಟಿಯಲ್ಲಿರುವ ಅಂಕಿಗಳಿಂದಷ್ಟೇ, ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿರಿ. ಬದಲಾವಣೆಯನ್ನು ಉಳಿಸಬೇಕೆ ಎಂದು ಗಣಕ ಕೇಳುತ್ತದೆ. ಪರದೆ ಕಪ್ಪಾದರೆ ಯಾವ ಕೀಲಿಯನ್ನೂ ಒತ್ತದೆ ಅರ್ಧ ನಿಮಿಷ ತಾಳ್ಮೆಯಿಂದಿರಿ. ಉತ್ತರ ಬಾರದಿದ್ದರೆ ಅದು ತಾನೇ ಹಿಂದಿನ ಸ್ಥಿತಿಗೆ ಮರಳುತ್ತದೆ. ಗಾಬರಿಯಿಂದ ಎಂಟರ್ ಒತ್ತಿದರೆ ತಪ್ಪು ಅಂಕಿಯೇ ಉಳಿದೀತು. ಹಾಗೇನಾದರೂ ಉಳಿದರೆ, ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ ಬರಹದ ಪರದೆಗೆ ಹೋಗಿ, ಮನೆಯ ಕಡತಕೋಶದಲ್ಲಿ ಅಡಗಿರುವ 'ಕಾನ್ಫಿಗ್' ಕೋಶದಿಂದ 'ಮಾನಿಟರ್ಸ್' ಎಂಬ ಕಡತವನ್ನು ಅಳಿಸಿ ಯಂತ್ರವನ್ನು ಮರಳಿ ಆರಂಭಿಸಬಹುದು. ಶಾಲೆಯ ಗಣಕ ಶಿಕ್ಷಕರು ಇದನ್ನೊಮ್ಮೆ ಮಕ್ಕಳ ಮುಂದೆ ಮಾಡಿ ತೋರಿಸಿದರೆ ಭಯವೇ ಹೋದೀತು.

ಎರಡು ಎಚ್ಚರಿಕೆಗಳು. ಬದಲಾವಣೆಯಾದೊಡನೆ ಸಿಆರ್‌ಟಿಯಿಂದ ಕೀರಲು ಸದ್ದು ಬಂದರೆ ತಕ್ಷಣ ಆರಿಸಿರಿ. ಅದರ ಹಿಂಬದಿಯ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ. ಆರಿಸಿ ಬಹಳ ಹೊತ್ತಾದರೂ ಒಳಗೆ ಪ್ರಾಣಾಪಾಯಕಾರಿ ವಿದ್ಯುತ್ತು ಉಳಿದಿರಬಹುದು.

ಕೊನೆಗೆ ಒಂದು ಸಣ್ಣ ಕೆಲಸ: ನಿಮ್ಮ ಪರದೆಗೆ ಸರಿಹೊಂದಿದ ಅಳತೆಯನ್ನೂ ವೇಗವನ್ನೂ ಒಂದು ಚೀಟಿಯ ಮೇಲೆ ಕನ್ನಡದಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸಿರಿ. ಮುಂದಿನ ಬಾರಿ ಪರದೆ ಇಂಗ್ಲಿಷಿನಲ್ಲಿ ಗದರಿದಾಗ, ಮಗು ಆ ಚೀಟಿಯನ್ನು ಓದಿ ತಾನೇ ಸರಿಪಡಿಸಿಕೊಂಡೀತು.