ಹಿತ್ತಲಲ್ಲಿ ಟೊಮೆಟೊ ಬೇಡ, ಬಸಳೆ ಹಾಕಿ

ಈ ಮಾತು ಹೇಳಿದಾಗಲೆಲ್ಲ ಪುಣೆಯ ಗೆಳೆಯರು "ಇವನಿಗೇನಾಯ್ತಪ್ಪಾ" ಅನ್ನೋ ಹಾಗೆ ಮುಖ ನೋಡ್ತಾರೆ. ಮನೆಗೆ ಬೇಕಾದ ತರಕಾರಿ ನಾವೇ ಬೆಳೀಬೇಕು ಅಂತ ಹೊರಟವರು ಮೊದಲು ತರೋದೇ ಟೊಮೆಟೊ ಸಸಿ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತಲ್ಲ, ಆಗಂತೂ ನಮ್ಮ ಓಣಿಯಲ್ಲಿ ಮನೆಗೊಂದು ಟೊಮೆಟೊ ಕುಂಡ ಬಂತು. ಗಿಡ ಹೂ ಬಿಟ್ಟು, ಕಾಯಿ ಹಣ್ಣಾಗೋ ಹೊತ್ತಿಗೆ ಮಂಡಿಯಲ್ಲಿ ಬೆಲೆ ನೆಲಕ್ಕೆ ಬಿದ್ದಿತ್ತು. ಕುಂಡಗಳೇನೋ ಉಳಿದವು, ಉತ್ಸಾಹ ಉಳೀಲಿಲ್ಲ.

ಹಾಗಂತ ಹಿತ್ತಲ ತೋಟ ದಂಡ ಅಂತ ನಾನು ಹೇಳ್ತಿಲ್ಲ. ಈ ಊರಿಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು, ಅದರಲ್ಲಿ ಹದಿನೈದು ವರ್ಷದಿಂದ ಮನೆಯ ಹಿಂದಿನ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಜಾಗದಲ್ಲಿ ಒಂದಲ್ಲ ಒಂದು ಬೆಳೀತಾನೇ ಇದ್ದೀವಿ. ನನ್ನ ತಕರಾರು ಇಷ್ಟೇ. ಇಷ್ಟು ಪುಟ್ಟ ಜಾಗದಲ್ಲಿ ಮಾರ್ಕೆಟ್ಟಿನಲ್ಲಿ ಧಾರಾಳವಾಗಿ ಸಿಗೋದನ್ನೇ ಯಾಕೆ ಬೆಳೀಬೇಕು? ಸಿಗದೇ ಇರೋದನ್ನ ಬೆಳೀರಿ.

ಲೆಕ್ಕಾನೇ ಹಾಕಿ ನೋಡಿ. ಒಂದು ಎಲೆಕೋಸು ಒಂದೂವರೆ ಅಡಿ ಜಾಗ ಹಿಡಿದು ಸುಮಾರು ಮೂರು ತಿಂಗಳು ಕೂತು ಕೊಡೋದು ಒಂದೇ ಒಂದು ಕೋಸು. ಅಷ್ಟೇ ಜಾಗದಲ್ಲಿ ಬಸಳೆ ಬಳ್ಳಿ ಊರಿ ಮೇಲಕ್ಕೆ ಹಬ್ಬಿಸಿದರೆ ವಾರ ಹತ್ತು ದಿನಕ್ಕೊಮ್ಮೆ ಕೊಯ್ಯಬಹುದು. ಕೊಯ್ದಷ್ಟೂ ಚಿಗುರುತ್ತೆ. ಕೋಸನ್ನ ರೈತ ನಮಗಿಂತ ಚೆನ್ನಾಗಿ, ನಮಗಿಂತ ಅಗ್ಗವಾಗಿ ಬೆಳೀತಾನೆ. ಅವನಿಂದಲೇ ಕೊಳ್ಳೋಣ ಬಿಡಿ.

ಪುಣೆಯ ಮಾರ್ಕೆಟ್ಟನ್ನ ನಾನು ಬೈತಿಲ್ಲ. ಮೆಂತ್ಯ, ಸಬ್ಬಸಿಗೆ ರಾಶಿ ರಾಶಿ ಸಿಗುತ್ತೆ. ಅಳೂ ಅಂತ ಕಟ್ಟು ಕಟ್ಟಿ ಮಾರೋದು ನಮ್ಮ ಕೆಸುವನ್ನೇ. ಪಡವಲಕ್ಕೆ ಮರಾಠಿಯಲ್ಲೂ ಪಡವಳ ಅಂತಲೇ ಹೆಸರು! ಆದರೆ ಹುಳಿಗೆ ಹಾಕೋಕೆ ಹೆಬ್ಬೆರಳು ದಪ್ಪದ ಹರಿವೆ ದಂಟು ಹುಡುಕಿಕೊಂಡು ಹೋಗಿ ನೋಡಿ. ತಂಬುಳಿಗೆ ದೊಡ್ಡಪತ್ರೆ, ಒಂದೆಲಗ ಕೇಳಿ ನೋಡಿ. ಬಸಳೆಗೆ ಇಲ್ಲಿ ಮಾಯಾಳೂ ಅಂತಾರೆ. ಕೆಲವು ಮನೆಗಳ ಗ್ರಿಲ್ ಮೇಲೆ ಹಬ್ಬಿರುತ್ತೆ, ನಮ್ಮ ಕಡೆಯ ಸಂತೆಗೇ ಬರಲ್ಲ. ಮಲೆನಾಡಿನವರ ಅರ್ಧ ಅಡುಗೆ ಇರೋದೇ ಇವುಗಳಲ್ಲಿ ಅಲ್ವಾ?

ಇವನ್ನ ಬೆಳೆಯೋದು ಕಷ್ಟವೂ ಅಲ್ಲ. ಟೊಮೆಟೊ, ಬದನೆಗೆ ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಸುತ್ತ ನಾಲ್ಕು ಮಹಡಿ ಎದ್ದ ನಮ್ಮಂಥವರ ಹಿತ್ತಲಿಗೆ ಅಷ್ಟು ಬಿಸಿಲು ಎಲ್ಲಿಂದ ಬರಬೇಕು? ಸೊಪ್ಪುಗಳು ಮೂರ್ನಾಲ್ಕು ಗಂಟೆಯ ಬಿಸಿಲಿಗೂ ಒಗ್ಗುತ್ತವೆ. ಒಂದೆಲಗ, ಕೆಸುವಿಗಂತೂ ಪಾತ್ರೆ ತೊಳೆಯೋ ಕಲ್ಲಿನ ಪಕ್ಕದ ತಂಪೇ ಸಾಕು. ಬಸಳೆಗೆ ಬೀಜವೂ ಬೇಡ, ಮೂರು ಗಿಣ್ಣಿರೋ ಒಂದು ಕಡ್ಡಿ ಊರಿದರೆ ಆಯ್ತು. ಎಳೆ ಹರಿವೆ ಬಿತ್ತಿದ ತಿಂಗಳೊಳಗೆ ಸಾರಿಗೆ ಬರುತ್ತೆ, ದಂಟು ಬೇಕಂದ್ರೆ ನಾಲ್ಕು ಗಿಡ ಕೀಳದೆ ಬಿಡಿ.

ನಿಜವಾದ ತೊಂದರೆ ಅಂದ್ರೆ ಮಣ್ಣು. ಊರಿನ ಕೆಂಪು ಮಣ್ಣಲ್ಲಿ ಆಡಿದ ಕೈಗೆ ಇಲ್ಲಿಯ ಕಪ್ಪು ಮಣ್ಣು ಬೇರೇನೇ ಭಾಷೆ. ಮಳೆ ಬಂದ್ರೆ ಉಬ್ಬಿ ಅಂಟಾಗುತ್ತೆ, ಏಪ್ರಿಲ್ ಬಂದ್ರೆ ಬೆರಳು ತೂರುವಷ್ಟು ಬಿರಿಯುತ್ತೆ. ಕ್ಷಾರದ ಅಂಶ ಜಾಸ್ತಿ ಇದ್ದರೆ ಕರಿಬೇವಿನ ಚಿಗುರು ಹಳದಿ ತಿರುಗುತ್ತೆ. ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗಲ್ಲ. ಇದಕ್ಕೆ ಔಷಧಿ ಅಂದ್ರೆ ಅಡುಗೆಮನೆಯ ಕಸ, ಒಣಗಿದ ಎಲೆ ಸೇರಿಸಿ ಮಾಡಿದ ಗೊಬ್ಬರ, ವರ್ಷಕ್ಕೆ ಎರಡು ಸಲ, ಬೇಸರ ಇಲ್ಲದೆ. ಐದು ವರ್ಷದ ಮೇಲೆ ನಮ್ಮ ಮಣ್ಣು ಕೈಗೆ ಸಡಿಲವಾಗಿ ಬಂತು.

ತರಕಾರಿ ಬೇಕೇಬೇಕು ಅನ್ನೋರಿಗೆ ಹೀರೆ ಬಳ್ಳಿ ಒಳ್ಳೇದು. ಅದರ ಹೂ ಅರಳೋದು ಸಂಜೆ. ಮೇಲೆ ಮೇಲಕ್ಕೆ ಮನೆಗಳೆದ್ದ ಕಡೆ ದುಂಬಿ ಪತಂಗ ಕಡಿಮೆ, ಹೂ ಬಿಟ್ಟರೂ ಕಾಯಿ ಕಚ್ಚಲ್ಲ. ಆಫೀಸಿಂದ ಬಂದು ಕಾಫಿ ಕುಡಿದು ಒಂದು ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ತಾಗಿಸಿದರೆ ಆಯ್ತು. ಹೂವಿನ ಹಿಂದೆ ಪುಟ್ಟ ಹೀರೆಕಾಯಿಯಂಥದ್ದು ಇರೋದೇ ಹೆಣ್ಣು ಹೂ, ಮಕ್ಕಳೂ ಗುರುತಿಸ್ತಾರೆ.

ಈಗ ಮುಖ್ಯ ಮಾತಿಗೆ ಬರ್ತೀನಿ. ಅಮ್ಮ ಇರೋವರೆಗೆ ಊರಿನ ಹಿತ್ತಲು ಅಲ್ಲಿತ್ತು, ಬೀಜದ ಚಿಂತೆ ನನಗಿರಲಿಲ್ಲ. ಹರಿವೆ, ಅಲಸಂದೆ, ಸೌತೆ ಎಲ್ಲ ಬೂದಿ ಹಚ್ಚಿ ಒಣಗಿಸಿ ಇಡ್ತಿದ್ದಳು. ಅಮ್ಮ ಹೋದಳು, ಮನೆಗೆ ಬೀಗ ಬಿತ್ತು, ಹಿತ್ತಲಲ್ಲಿ ಲಂಟಾನ ಬೆಳೀತು. ಅಕ್ಕಪಕ್ಕದ ಮನೆಯವರೂ ಈಗ ಪೇಟೆಯಿಂದ ಬರೋ ತರಕಾರಿ ಗಾಡಿಗೆ ಕಾಯ್ತಾರೆ. ನಮ್ಮ ಮನೆಯ ಆ ಕೆಂಪು ಹರಿವೆ ಬೀಜ, ನನಗೆ ಗೊತ್ತಿರೋ ಮಟ್ಟಿಗೆ, ಇವತ್ತು ಉಳಿದಿರೋದು ಪುಣೆಯ ಈ ನೂರೆಂಟು ಚದರಡಿಯಲ್ಲಿ ಮಾತ್ರ. ಹೋದ ವರ್ಷ ಊರಿನ ಚಿಕ್ಕಮ್ಮ ಫೋನ್ ಮಾಡಿ "ಆ ಬೀಜ ಇದ್ದರೆ ಒಂದು ಚಿಟಿಕೆ ಕಳಿಸೋ" ಅಂದ್ರು. ಊರಿಂದ ಪೇಟೆಗೆ ಬೀಜ ಬರೋದು ಕಂಡಿದ್ದೆ, ಪೇಟೆಯಿಂದ ಊರಿಗೆ ಹೋಗೋದೂ ಕಂಡ ಹಾಗಾಯ್ತು.

ಅದಕ್ಕೇ ಹೇಳೋದು, ನಮ್ಮಂಥ ಹೊರನಾಡಿನವರ ಹಿತ್ತಲಿಗೆ ಈಗ ಬೇರೆ ಜವಾಬ್ದಾರಿ ಬಂದಿದೆ. ಅಂಗಡಿಯ ಹೈಬ್ರಿಡ್ ಪ್ಯಾಕೆಟ್ಟಿನ ಬೀಜದಿಂದ ಬಂದ ಗಿಡದ ಬೀಜ ಮತ್ತೆ ಬಿತ್ತಿದರೆ ಅದೇ ಗುಣ ಬರೋ ಖಾತ್ರಿ ಇಲ್ಲ, ಪ್ರತಿ ವರ್ಷ ಕೊಳ್ಳಲೇಬೇಕು. ನಾಟಿ ಬೀಜ ಹಾಗಲ್ಲ. ಚೆನ್ನಾಗಿರೋ ಎರಡು ಗಿಡ ಕೊಯ್ಯದೆ ಬಿಟ್ಟು, ತೆನೆ ಒಣಗಿದ ಮೇಲೆ ಉದುರಿಸಿ ಡಬ್ಬಿಗೆ ಹಾಕಿ, ಮೇಲೆ ವರ್ಷ ಬರೆದಿಡಿ. ಇಷ್ಟೇ ಕೆಲಸ.

"ಇದೆಲ್ಲ ಊರಿನ ಹಳಹಳಿಕೆ, ಮಕ್ಕಳಿಗೆ ಬೇಕಾಗಿಲ್ಲ" ಅನ್ನೋರಿದ್ದಾರೆ. ಇರಬಹುದು. ಇಲ್ಲೇ ಹುಟ್ಟಿದ ನನ್ನ ಮಗಳು ಕನ್ನಡ ಓದೋದು ತಡವರಿಸಿಕೊಂಡೇ. ಆದರೆ ಚಪ್ಪರ, ಗಿಣ್ಣು, ಕುಡಿ, ದಂಟು, ಮಿಡಿ... ಈ ಮಾತುಗಳು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ. ಬಸಳೆ ಚಪ್ಪರ ಪೂರ್ತಿ ಅವಳದ್ದೇ, ಊರೋದರಿಂದ ಕೊಯ್ಯೋವರೆಗೆ. ತೋಟ ಮನೆಮಂದಿಯದ್ದಾಗೋದು ಹೀಗೆ ಪಾಲು ಹಂಚಿದಾಗ. ಗಂಡ ಭಾನುವಾರ ಫೋಟೊ ತೆಗೆದು, ಹೆಂಡತಿ ಆರು ದಿನ ನೀರು ಹಾಕಿದರೆ ಅದು ಮನೆಮಂದಿಯ ತೋಟ ಅಲ್ಲ, ಅವಳಿಗೆ ಇನ್ನೊಂದು ಅಡುಗೆಮನೆ!

ಮುಂದಿನ ಸಲ ಊರಿಗೆ ಹೋದಾಗ ಚಕ್ಕುಲಿ, ಹಪ್ಪಳದ ಜೊತೆ ಬ್ಯಾಗಿನಲ್ಲಿ ಒಂದು ಬಸಳೆ ಕಡ್ಡಿಗೂ ಜಾಗ ಮಾಡಿ. ಒದ್ದೆ ಬಟ್ಟೆ ಸುತ್ತಿದರೆ ಒಂದು ರಾತ್ರಿಯ ಬಸ್ ಪ್ರಯಾಣ ತಡೆದುಕೊಳ್ಳುತ್ತೆ. ದೊಡ್ಡವರು ಯಾರಾದರೂ ಇದ್ದರೆ ಬೀಜದ ಡಬ್ಬಿ ಎಲ್ಲಿದೆ ಅಂತ ಈಗಲೇ ಕೇಳಿಕೊಳ್ಳಿ. ಟೊಮೆಟೊ ಹೇಗೂ ನಾಳೆಯೂ ಮಾರ್ಕೆಟ್ಟಿಗೆ ಬರುತ್ತೆ.